ಕಾದ ಬಾಚಣಿಗೆ

ಡೆನಿಷಾ ಬಾಚಣಿಗೆಗಳನ್ನು ತಿಕ್ಕುತ್ತಿದ್ದಳು. ಮರದ ಹಿಡಿಯ, ಕಬ್ಬಿಣದ ಹಲ್ಲಿನ, ಕೈಗೆ ಭಾರವಾಗುವ ಬಾಚಣಿಗೆಗಳು. ಹಲ್ಲಿನ ಸಂದಿಗಳಲ್ಲಿ ಸುಟ್ಟ ಎಣ್ಣೆ ಕರಿಗಟ್ಟಿ ಕೂತಿತ್ತು. ಹಳೆಯ ಬ್ರಷ್ಷಿಗೆ ಅಡುಗೆ ಸೋಡ ಹಚ್ಚಿಕೊಂಡು ಒಂದೊಂದೇ ಸಂದಿಯನ್ನು ತಿಕ್ಕಿದರೆ ಮಾತ್ರ ಅದು ಬಿಡುತ್ತದೆ. ಸದ್ದಾಗದಿರಲೆಂದು ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಟ್ಟುಕೊಂಡಿದ್ದಳು. ಅವಳ ಬೆನ್ನ ಹಿಂದೆ, ಅಡುಗೆಮನೆಯ ನಟ್ಟನಡುವೆ, ಪಾರ್ಲರಿನಿಂದ ತಂದ ತಿರುಗುವ ಕುರ್ಚಿಯಲ್ಲಿ ತಾಯಿ ವರ್ಲೀನ್ ಕೂತಿದ್ದಳು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಒಲೆಯ ನೀಲಿ ಉರಿಯನ್ನು ನೋಡುತ್ತಿದ್ದಳು. ಉರಿಯ ಮೇಲೆ ಏನೂ ಇರಲಿಲ್ಲ.

ಡೆನಿಷಾ ಕೈ ಒರೆಸಿಕೊಂಡು ಒಲೆ ಆರಿಸಿದಳು. ತಾಯಿ ಆರಿದ ಒಲೆಯನ್ನೂ ಹಾಗೇ ನೋಡುತ್ತ ಕೂತಳು. ಅವಳ ಎಡ ಮಣಿಕಟ್ಟಿನ ಒಳಮಗ್ಗುಲಲ್ಲಿ, ಬಾಚಣಿಗೆಯ ಬೆನ್ನಿನಷ್ಟೇ ಅಗಲದ ಬರೆಗಳು ಒಂದರ ಕೆಳಗೊಂದು ಎದ್ದಿದ್ದವು. ಹಳೆಯವು ಕಪ್ಪಿಟ್ಟಿದ್ದವು. ಹೊಸದು ಇನ್ನೂ ಹಸಿಯಾಗಿತ್ತು.

ಗುಂಗುರು ಕೂದಲನ್ನು ನೇರ ಮಾಡಲು ಒಲೆಯ ಮೇಲಿಟ್ಟ ಬಾಚಣಿಗೆ ಎಷ್ಟು ಕಾದಿದೆಯೆಂದು ತಿಳಿಯಲು ಅದನ್ನು ಬಿಳಿ ಕಾಗದದ ಮೇಲೆ ಒತ್ತಿ ನೋಡುತ್ತಾರೆ. ಕಾಗದ ಕಂದಿದರೆ ಇನ್ನೂ ಆರಬೇಕು, ಕಂದದಿದ್ದರೆ ತಲೆಗಿಡಬಹುದು. ತನ್ನ ಕೈಗೆ ಬಂದ ತಲೆಗಳನ್ನೆಲ್ಲ ವರ್ಲೀನ್ ಹೀಗೇ ಕಾಪಾಡಿಕೊಂಡು ಬಂದಿದ್ದಳು. ಈಗ ಕೆಲವು ವಾರಗಳಿಂದ ಕಾಗದ ಬಿಟ್ಟು ಕೈಗೆ ಒತ್ತಿಕೊಂಡು ನೋಡುತ್ತಿದ್ದಳು.

ಅಮೆರಿಕದ ಸೇಂಟ್ ಲೂಯಿಸಿನ ಉತ್ತರ ಭಾಗದಲ್ಲಿ, ಕೊರೊನಾದ ಆ ವಸಂತದಲ್ಲಿ, ಪಾರ್ಲರುಗಳಿಗೆಲ್ಲ ಬೀಗ ಬಿದ್ದಿತ್ತು. ಚರ್ಚಿಗೂ ಬೀಗ, ಶಾಲೆಗೂ ಬೀಗ. ತೆರೆದಿದ್ದುದು ಹೆಂಡದಂಗಡಿ ಮತ್ತು ಸತ್ತವರನ್ನು ಸಿಂಗರಿಸಿ ಪೆಟ್ಟಿಗೆಯಲ್ಲಿಡುವ ಹೆಣದ ಮನೆ. ನಮ್ಮ ಕಪ್ಪು ಜನ ಬಸ್ಸು ಓಡಿಸಿದರು, ಆಸ್ಪತ್ರೆಯ ನೆಲ ಒರೆಸಿದರು, ಕೆಮ್ಮಿದರು, ಸತ್ತರು. ಉಳಿದವರು ಫೋನಿನಲ್ಲಿ ಸ್ತೋತ್ರ ಹೇಳಿದರು.

ವರ್ಲೀನಳ ಕೈಗೆ ಇನ್ನೊಂದು ಕೆಲಸವಿತ್ತು. ಅದನ್ನು ಅವಳು ಎಂದೂ ಬೋರ್ಡಿನಲ್ಲಿ ಬರೆಸಿರಲಿಲ್ಲ, ಬರೆಸಬೇಕಾಗಿಯೂ ಇರಲಿಲ್ಲ. ಅವಳ ಕುರ್ಚಿಯಲ್ಲಿ ಕೂತ ಪ್ರತಿ ಹೆಂಗಸೂ ಎಂದಾದರೊಂದು ದಿನ, ಕನ್ನಡಿಯಲ್ಲಿ ಅವಳ ಕಣ್ಣು ನೋಡುತ್ತ, "ನಾನು ಹೋದಾಗ ನನ್ನ ತಲೆ ನೀನೇ ಮಾಡ್ಬೇಕು ಕಣೇ, ಅಪರಿಚಿತರ ಕೈಗೆ ಕೊಡ್ಬೇಡ" ಎಂದಿರುತ್ತಿದ್ದಳು. ವರ್ಲೀನ್ "ಆಯ್ತು" ಎನ್ನುತ್ತಿದ್ದಳು. ಹೇಳಿದಂತೆ ಮಾಡುತ್ತಿದ್ದಳು. ಹೆಣದ ಮನೆಯ ಹಿಂಬಾಗಿಲಿನಿಂದ ಬಾಚಣಿಗೆಯ ಚೀಲ ಹಿಡಿದು ಒಳಹೋಗಿ, ತಣ್ಣಗಾದವರ ಜೊತೆ ಒಬ್ಬಳೇ ನಿಂತು, ಜೀವಂತವಿದ್ದವರ ಹತ್ತಿರ ಮಾತಾಡಿದಂತೆಯೇ ಮಾತಾಡುತ್ತ ಕೂದಲನ್ನು ನೇರ ಮಾಡಿ, ಹಣೆಯ ಮೇಲೆ ಒಂದು ಸುರುಳಿ ಬಿಟ್ಟು ಬರುತ್ತಿದ್ದಳು. ಪೆಟ್ಟಿಗೆಯ ಹತ್ತಿರ ಬಂದವರು "ನೋಡು, ನಿದ್ದೆ ಮಾಡ್ತಿರೋ ಹಂಗೇ ಇದಾಳೆ" ಎಂದರೆ ಅವಳ ಕೆಲಸ ಮುಗಿದಂತೆ.

ಚರ್ಚಿನ ಹಿರಿಯಳಾದ ಮದರ್ ಆರ್ಡೆಲಾ ಸತ್ತಾಗ ಹೆಣದ ಮನೆಯವರು ವರ್ಲೀನಳನ್ನು ಒಳಗೆ ಬಿಡಲಿಲ್ಲ. ವರ್ಲೀನಳಿಗೆ ತಲೆ ಮಾಡುವುದನ್ನು ಕಲಿಸಿದವಳೇ ಈ ಆರ್ಡೆಲಾ. ಕೊರೊನಾ ಹೆಣ, ಚೀಲದ ಜಿಪ್ಪು ತೆಗೆಯುವಂತಿಲ್ಲ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರು. ಅವಳು ಬಾಚಣಿಗೆಯ ಚೀಲವನ್ನು ಎದೆಗವಚಿಕೊಂಡು ಸಂಜೆಯವರೆಗೂ ಆ ಬಾಗಿಲ ಮುಂದೆ ನಿಂತಿದ್ದಳಂತೆ. ಆಮೇಲೆ ಇನ್ನೂ ಕೆಲವರು ಹೋದರು, ಅವಳ ಕುರ್ಚಿಯವರೇ. ಎಲ್ಲರೂ ಆಸ್ಪತ್ರೆಯ ಬೆವರು, ಜಡೆಗಟ್ಟಿದ ಕೂದಲ ಸಮೇತ ಮಣ್ಣಿಗಿಳಿದರು. ಅಂದಿನಿಂದ ವರ್ಲೀನ್ ಮಾತು ಬಿಟ್ಟಳು, ನಿದ್ದೆ ಬಿಟ್ಟಳು.

ಡೆನಿಷಾ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದಳು. ನರ್ಸೊಬ್ಬಳು ಬರೆಗಳ ವಿಷಯ ಕೇಳಿದ ಕೂಡಲೇ, ಕರೆದುಕೊಂಡು ಬಾ, ಒಬ್ಬಳನ್ನೇ ಬಿಡಬೇಡ, ಇಲ್ಲಿ ಮನಸ್ಸಿನ ಡಾಕ್ಟರ್ ಇದ್ದಾರೆ ಎಂದಳು. ಒಮ್ಮೆ ಬಸ್ಸಿನಲ್ಲಿ ಹೊರಟದ್ದೂ ಆಗಿತ್ತು. ಎರಡನೇ ಸ್ಟಾಪಿನಲ್ಲೇ ತಾಯಿ ಇಳಿದು ಮನೆಯ ಕಡೆ ನಡೆದುಬಿಟ್ಟಳು. ತುರ್ತು ನಂಬರಿಗೆ ಕರೆ ಮಾಡಿದರೆ ಮೊದಲು ಬರುವುದು ಪೊಲೀಸರು. ಕಾದ ಕಬ್ಬಿಣ ಹಿಡಿದು ಕೇಳಿದ್ದಕ್ಕೆ ಉತ್ತರ ಕೊಡದ ಕಪ್ಪು ಹೆಂಗಸನ್ನು ಅವರು ಹೇಗೆ ನೋಡುತ್ತಾರೆಂದು ಆ ಬೀದಿಯಲ್ಲಿ ಕೂಸಿಗೂ ಗೊತ್ತು. ಒಂದು ಕಾರು ಬೇಕಿತ್ತು, ಮತ್ತು ವರ್ಲೀನ್ ಎದುರಾಡದಂಥ ಒಬ್ಬ ದೊಡ್ಡ ಹೆಂಗಸು. ಎರಡೂ ಚರ್ಚಿನವರಲ್ಲಿದ್ದವು. ಕೇಳಲು ಬಾಯಿ ಬೇಕಿತ್ತು. ಎದ್ದು ನಿಂತು ಉತ್ತರ ಹೇಳಬೇಕಾಗುತ್ತದೆಂಬ ಒಂದೇ ಕಾರಣಕ್ಕೆ ಶಾಲೆ ಬಿಟ್ಟವಳು ಡೆನಿಷಾ.

ಹಿಂಬಾಗಿಲು ತಟ್ಟಿದ ಸದ್ದಾಯಿತು. ಮೆಲ್ಲಗೆ, ಕಳ್ಳರು ತಟ್ಟಿದ ಹಾಗೆ.

ಬಂದವಳು ಪಾಸ್ಟರಮ್ಮ ರೊಸಾಲಿಂಡ್. ದೇಶಕ್ಕೊಬ್ಬಳು ಫಸ್ಟ್ ಲೇಡಿಯಾದರೆ ಆ ಬೀದಿಗಳಲ್ಲಿ ಚರ್ಚಿಗೊಬ್ಬಳು. ಪಾಸ್ಟರನ ಹೆಂಡತಿಯನ್ನು ಎಲ್ಲರೂ ಹಾಗೇ ಕರೆಯುವುದು. ತಲೆಗೆ ರೇಷ್ಮೆ ಬಟ್ಟೆ ಸುತ್ತಿ, ಕಪ್ಪು ಕನ್ನಡಕ ಹಾಕಿ, ಮಾಸ್ಕನ್ನು ಗದ್ದಕ್ಕಿಳಿಸಿಕೊಂಡಿದ್ದಳು. ಹಿಂದೆ ಸಿಸ್ಟರ್ ಗ್ಲೆಂಡಾ. ಪಾಸ್ಟರಮ್ಮನ ಕೈಚೀಲ ಹಿಡಿಯುವುದು, ಅವಳು ಹೇಳಿದ್ದಕ್ಕೆಲ್ಲ ಆಮೆನ್ ಎನ್ನುವುದು, ಇವೆರಡೇ ಗ್ಲೆಂಡಾಳ ಸೇವೆ. "ಯಾರೂ ಮನೆ ಬಿಟ್ಟು ಹೊರಗೆ ಬರಬೇಡಿ, ನಿಮ್ಮ ದೇಹ ದೇವರ ಆಲಯ" ಎಂದು ಪ್ರತಿ ಭಾನುವಾರ ಫೋನಿನ ಪರದೆಯಲ್ಲಿ ಕಣ್ಣೀರು ಹಾಕಿ ಹೇಳುತ್ತಿದ್ದವಳು ಈ ಪಾಸ್ಟರಮ್ಮನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

"ಓಣೀಲಿ ಯಾರೂ ನೋಡ್ಲಿಲ್ಲ ತಾನೇ?" ಎಂದಳು ರೊಸಾಲಿಂಡ್.

"ನೋಡಿದ್ರೆ ಏನೀಗ? ರೋಗಿ ನೋಡಕ್ಕೆ ಬಂದ್ವಿ ಅಂದ್ರಾಯ್ತು," ಎಂದಳು ಗ್ಲೆಂಡಾ.

"ಇಲ್ಲಿ ರೋಗಿ ಯಾರಮ್ಮಾ? ವರ್ಲೀನ್ ಕಲ್ಲುಗುಂಡು. ನಮ್ಮನ್ನೆಲ್ಲ ಹೂತು ಬರ್ತಾಳೆ."

ಇಬ್ಬರೂ ನಕ್ಕರು. ವರ್ಲೀನ್ ಕುರ್ಚಿಯಿಂದ ಎದ್ದು ಪಕ್ಕಕ್ಕೆ ನಿಂತಳು. ಗಿರಾಕಿ ಬಂದರೆ ಅವಳ ಕಾಲು ತಾನಾಗಿ ಏಳುತ್ತಿತ್ತು. ರೊಸಾಲಿಂಡ್ ಕೂತು ತಲೆಯ ಬಟ್ಟೆ ಬಿಚ್ಚಿದಳು. ಪರದೆಯಲ್ಲಿ ಹೊಳೆಯುವ ಆ ತಲೆ ಹತ್ತಿರದಿಂದ ಬೆಕ್ಕು ಕೆದರಿದ ಉಣ್ಣೆಯುಂಡೆಯ ಹಾಗಿತ್ತು.

"ನಾಳೆ ನಂದು ದೊಡ್ಡ ಕಾರ್ಯಕ್ರಮ ಕಣೇ. ಬಿರುಗಾಳಿಯ ನಡುವೆ ಮನಸ್ಸಿನ ನೆಮ್ಮದಿ ಅಂತ ವಿಷಯ. ನೂರಾರು ಹೆಂಗಸರು ನೋಡ್ತಾರೆ. ಈ ತಲೆ ಹೊತ್ಕೊಂಡು ಯಾರಿಗೆ ನೆಮ್ಮದಿ ಕೊಡ್ಲಿ ಹೇಳು?"

"ಆಮೆನ್," ಎಂದಳು ಗ್ಲೆಂಡಾ. ಆಮೇಲೆ ನೆನಪಾಗಿ, ಕೈಯಲ್ಲಿದ್ದ ಚಿಕ್ಕ ಕಾಗದದ ಚೀಲವನ್ನು ಮೇಜಿನ ಮೇಲಿಟ್ಟಳು. "ನೆಮ್ಮದಿ ಚೀಲ. ಎಲ್ಲ ಸಿಸ್ಟರುಗಳಿಗೂ ಕೊಡ್ತಿದೀವಿ. ಫಸ್ಟ್ ಲೇಡೀದೇ ಯೋಚನೆ."

ಡೆನಿಷಾ ಚೀಲದೊಳಗೆ ಇಣುಕಿದಳು. ಪರಿಮಳದ ಮೇಣದಬತ್ತಿ, ಸ್ನಾನದ ತೊಟ್ಟಿಗೆ ಹಾಕುವ ಗುಲಾಬಿ ಬಣ್ಣದ ಉಪ್ಪು, 'ನೀನು ಬಲಶಾಲಿ' ಎಂದು ಚಿನ್ನದ ಅಕ್ಷರದಲ್ಲಿ ಅಚ್ಚಾದ ಒಂದು ಕಾರ್ಡು. ಆ ಮನೆಯ ತೊಟ್ಟಿಯ ತೂತಿಗೆ ಬಿರಡೆಯೇ ಇರಲಿಲ್ಲ, ಹರಿದ ಕಾಲುಚೀಲ ತುರುಕುತ್ತಿದ್ದರು. ರಾತ್ರಿಯೆಲ್ಲ ಬೆಂಕಿ ನೋಡುತ್ತ ಕೂರುವವಳಿಗೆ ಮೇಣದಬತ್ತಿ ತಂದುಕೊಟ್ಟಿದ್ದರು.

ವರ್ಲೀನ್ ಒಲೆ ಹಚ್ಚಿ ಬಾಚಣಿಗೆ ಇಟ್ಟಳು. ಡೆನಿಷಾ ಅವಳ ಕೈಗೆ ಬಿಳಿ ಕಾಗದ ಹಿಡಿಸಿ, ಅವಳು ಬಾಚಣಿಗೆಯನ್ನು ಕಾಗದದ ಮೇಲೇ ಒತ್ತುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಾಗದ ಕಂದಲಿಲ್ಲ. ಮೊದಲ ಎಳೆ ಬಾಚಣಿಗೆಯಡಿ ಉಸ್ಸೆಂದು ನೇರವಾಯಿತು. ಎಣ್ಣೆಯ ಬಿಸಿ ವಾಸನೆ ಹರಡಿತು.

ಈಗ ಹೇಳಬೇಕು ಎಂದುಕೊಂಡಳು ಡೆನಿಷಾ.

"ಅಮ್ಮ ನಿದ್ದೆ ಮಾಡ್ತಿಲ್ಲ, ಫಸ್ಟ್ ಲೇಡಿ."

"ಯಾರು ಮಾಡ್ತಿದಾರೆ ಮಗಾ? ನಂಗೂ ಇಲ್ಲ. ಫೋನಲ್ಲಿ ಎಲ್ಲರಿಗೂ ಸಮಾಧಾನ ಹೇಳಿ ಹೇಳಿ ಗಂಟಲು ಬಿದ್ದೋಗಿದೆ."

"ಊಟಾನೂ ಸರಿಯಾಗಿ..."

"ಉಪವಾಸ ಅಂದ್ಕೋ. ಈ ಕಾಲದಲ್ಲಿ ಉಪವಾಸ ಒಳ್ಳೇದು."

"ಮಾತೂ ಆಡಲ್ಲ."

"ಅದಂತೂ ವರ. ಗ್ಲೆಂಡಾಗೂ ಸ್ವಲ್ಪ ಬರ್ಲಿ."

ಗ್ಲೆಂಡಾ ಇದಕ್ಕೂ ಆಮೆನ್ ಎಂದು, ಆಮೇಲೆ ಅರ್ಥವಾಗಿ ಮುಖ ಸಣ್ಣ ಮಾಡಿಕೊಂಡಳು.

"ಆಸ್ಪತ್ರೇಲಿ ಡಾಕ್ಟರ್ ಇದಾರಂತೆ," ಎಂದಳು ಡೆನಿಷಾ. ಅವಳ ದನಿ ಒಲೆಯ ಉರಿಗಿಂತ ಸಣ್ಣಗಿತ್ತು. "ಮನಸ್ಸಿಂದು."

ರೊಸಾಲಿಂಡ್ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದಳು. "ತಲೆ ಡಾಕ್ಟರಾ? ಅದು ಬಿಳೀ ಜನರ ಚಟ ಮಗಾ. ಅವರಿಗೆ ಮನೇಲಿ ಕೇಳೋರಿಲ್ಲ, ದುಡ್ಡು ಕೊಟ್ಟು ಹೇಳ್ಕೋತಾರೆ. ನಮ್ಮ ಮಾತು ಕೇಳಕ್ಕೆ ಕರ್ತ ಇದಾನೆ. ಇವತ್ತು ನೀನು ಅಲ್ಲಿಗೆ ಕರ್ಕೊಂಡ್ ಹೋಗು, ನಾಳೆ ನಿಮ್ಮಮ್ಮನ ಹೆಸರ ಮುಂದೆ ಹುಚ್ಚಿ ಅಂತ ಬರೀತಾರೆ. ಆಮೇಲೆ ಯಾರು ಬಂದು ಈ ಕುರ್ಚೀಲಿ ಕೂತ್ಕೋತಾರೆ?"

"ನಮ್ಮಜ್ಜಿ ಹತ್ತಿ ಬಿಡಿಸ್ತಾ ಬಿಡಿಸ್ತಾ ಹೊಲದಲ್ಲೇ ಹೆತ್ಲು," ಎಂದಳು ಗ್ಲೆಂಡಾ. "ಕೂಸನ್ನ ನೆರಳಲ್ಲಿ ಮಲಗ್ಸಿ ಮತ್ತೆ ಚೀಲ ಹೆಗಲಿಗೆ ಹಾಕ್ಕೊಂಡ್ಲು. ಅವಳಿಗೆ ಯಾವ ತಲೆ ಡಾಕ್ಟರ್ ಇದ್ದ?"

ಆ ಅಜ್ಜಿ ಕೊನೆಗಾಲದಲ್ಲಿ ಗೋಡೆಗೆ ಹಣೆ ಜಜ್ಜಿಕೊಳ್ಳುತ್ತಿದ್ದಳೆಂದೂ, ಕೈ ಕಟ್ಟಿ ಮಲಗಿಸಬೇಕಾಗುತ್ತಿತ್ತೆಂದೂ ಇದೇ ಗ್ಲೆಂಡಾ ಇದೇ ಕುರ್ಚಿಯಲ್ಲಿ ಕೂತು ಅತ್ತದ್ದನ್ನು ಡೆನಿಷಾ ಕೇಳಿದ್ದಳು. ತಲೆಗೆ ಬಿಸಿ ತಾಗಿದಾಗ ಈ ಹೆಂಗಸರು ನಿಜ ಹೇಳುತ್ತಾರೆ. ಕೂದಲು ಆರಿತೋ ಇಲ್ಲವೋ ಮರೆಯುತ್ತಾರೆ. ಅವಳಿಗೆ ಇವರ ಮೇಲೆ ಹೇಸಿಗೆಯಾಯಿತು. ಹೇಳಲಾರದೆ ನಿಂತ ತನ್ನ ನಾಲಗೆಯ ಮೇಲೂ ಅಷ್ಟೇ ಹೇಸಿಗೆ.

ವರ್ಲೀನ್ ಅರ್ಧ ತಲೆ ಮುಗಿಸಿದ್ದಳು. ಕತ್ತಿನ ಹಿಂದಿನ ಕೂದಲಿಗೆ ಬಂದಾಗ ಅವಳ ಕೈ ನಿಂತಿತು. ಬಾಚಣಿಗೆಯನ್ನು ಒಲೆಯ ಮೇಲಿಟ್ಟು, ಎರಡೂ ಅಂಗೈಗಳಿಂದ ರೊಸಾಲಿಂಡಳ ತಲೆಯನ್ನು ಕೆಳಗಿನಿಂದ ಹಿಡಿದು ಮೆಲ್ಲಗೆ ಎತ್ತಿದಳು. ತಾನಾಗಿ ಏಳಲಾರದ ತಲೆಯನ್ನು ಎತ್ತುವ ಹಾಗೆ.

"ಬಂದೆ ಮದರ್," ಎಂದಳು.

ಎಷ್ಟೋ ದಿನಗಳ ಮೇಲೆ ಕೇಳಿದ ದನಿ.

"ತಡ ಆಯ್ತು. ಬಾಗಿಲಲ್ಲೇ ನಿಲ್ಸಿದ್ರು. ತೆಗೀರಿ ಅಂದೆ, ತೆಗೀಲಿಲ್ಲ. ಕೋಪ ಮಾಡ್ಕೋಬೇಡಿ. ಪೆಟ್ಟಿಗೆ ಮುಚ್ಚೋ ಅಷ್ಟರಲ್ಲಿ ಮುಗಿಸ್ತೀನಿ. ನೀವು ಏಳ್ಬೇಡಿ, ನಾನೇ ಎತ್ಕೋತೀನಿ."

ಅವಳು ಮದರ್ ಆರ್ಡೆಲಾಳ ಜೊತೆ ಮಾತಾಡುತ್ತಿದ್ದಳು. ಹೆಣದ ಮನೆಯ ಕೋಣೆಯೊಳಗೆ ನಿಂತಿದ್ದಳು. ಡೆನಿಷಾಗೆ ಇದು ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟವಾಗಿತ್ತು. ಉಳಿದಿಬ್ಬರಿಗೂ ಈಗ ಅರ್ಥವಾಗುತ್ತದೆ, ಈಗ ಹೆದರುತ್ತಾರೆ, ಈಗಲಾದರೂ ಕಾರಿನ ಕೀಲಿ ಹೊರಗೆ ಬರುತ್ತದೆ ಎಂದುಕೊಂಡಳು.

ಗ್ಲೆಂಡಾ ಎರಡೂ ಕೈ ಮೇಲೆತ್ತಿದಳು. "ಆತ್ಮ ಬಂತು," ಎಂದು ಪಿಸುಗುಟ್ಟಿದಳು. "ಫಸ್ಟ್ ಲೇಡಿ, ಅಲ್ಲಾಡ್ಬೇಡಿ. ಸಿಸ್ಟರ್ ವರ್ಲೀನ್ ಮೇಲೆ ಪವಿತ್ರಾತ್ಮ ಬಂದಿದೆ."

ರೊಸಾಲಿಂಡ್ ಕಣ್ಣು ಮುಚ್ಚಿದಳು. ಮುಖ ಅರಳಿತು. "ಮಾತಾಡು ಕರ್ತನೇ, ನಿನ್ನ ದಾಸಿ ಕೇಳ್ತಿದಾಳೆ."

"ಯಾವ ಬಾಗಿಲು ಸಿಸ್ಟರ್? ಯಾವ ಬಾಗಿಲು ತೆಗೀಬೇಕು?" ಎಂದಳು ಗ್ಲೆಂಡಾ. ಆಗಲೇ ಫೋನು ತೆಗೆದು ವರ್ಲೀನಳ ಮುಖಕ್ಕೆ ಹಿಡಿದಿದ್ದಳು.

"ಹಿಂದಿನ ಬಾಗಿಲು," ಎಂದಳು ವರ್ಲೀನ್. "ಎಲ್ಲರೂ ಒಳಗೇ ಇದಾರೆ. ಯಾರ ತಲೇನೂ ಆಗಿಲ್ಲ."

"ಚರ್ಚಿನ ಬಾಗಿಲು," ಎಂದಳು ರೊಸಾಲಿಂಡ್, ಕಣ್ಣು ತೆರೆಯದೆಯೇ. "ಚರ್ಚಿನ ಬಾಗಿಲು ತೆಗೀರಿ ಅಂತಿದಾನೆ ಕರ್ತ. ಪಾಸ್ಟರಿಗೆ ನಾನು ಹೇಳ್ತಾನೇ ಇದ್ದೆ."

"ಅಮ್ಮಂಗೆ ಹುಷಾರಿಲ್ಲ," ಎಂದಳು ಡೆನಿಷಾ.

"ಶ್. ಆತ್ಮಾನ ತಡೀಬಾರ್ದು."

ಬಾಚಣಿಗೆ ಒಲೆಯ ಮೇಲೆ ಕಾಯುತ್ತಲೇ ಇತ್ತು. ವರ್ಲೀನ್ ಅದನ್ನೆತ್ತಿಕೊಂಡಳು. ಕಾಗದ ನೆಲಕ್ಕೆ ಬಿದ್ದಿತ್ತು. ಡೆನಿಷಾ ಮೇಜು ಸುತ್ತಿ ಬರುವಷ್ಟರಲ್ಲಿ ಅವಳು ಅದನ್ನು ಮಣಿಕಟ್ಟಿಗೆ ಒತ್ತಿಯಾಗಿತ್ತು. ಚರ್ಮ ಸುಟ್ಟ ವಾಸನೆ ಕೂದಲೆಣ್ಣೆಯ ವಾಸನೆಯನ್ನು ಮೀರಿ ಬಂತು. ವರ್ಲೀನಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಡೆನಿಷಾ ಬಾಚಣಿಗೆಯನ್ನು ಕಿತ್ತು ಪಾತ್ರೆ ತೊಳೆಯುವ ತೊಟ್ಟಿಯ ನೀರಿಗೆಸೆದಳು. ಅದು ಚುಂಯ್ಯೆಂದಿತು.

"ನೋಡಿ, ಬೆಂಕಿ ತಾಗಿದ್ರೂ ನೋವಿಲ್ಲ," ಎಂದಳು ಗ್ಲೆಂಡಾ. ಅವಳ ಕಣ್ಣಲ್ಲಿ ನಿಜವಾದ ನೀರಿತ್ತು. "ಬೈಬಲಲ್ಲಿ ಆ ಮೂವರು ಭಕ್ತರನ್ನ ಕುಲುಮೆಗೆ ಹಾಕಿದ್ರೂ ಸುಡಲಿಲ್ಲವಲ್ಲ, ಹಂಗೆ."

"ಸುಟ್ಟಿದೆ," ಎಂದಳು ಡೆನಿಷಾ. "ನೋಡಿ, ಸುಟ್ಟಿದೆ."

ಅವಳು ತಾಯಿಯ ಕೈ ಹಿಡಿದು ತೋರಿಸುತ್ತಿದ್ದಳು. ಯಾರೂ ನೋಡಲಿಲ್ಲ. ಇವರು ಸುಳ್ಳುಗಾರರೆಂದು ಅವಳು ಇಲ್ಲಿಯವರೆಗೆ ತಿಳಿದಿದ್ದಳು. ಸುಳ್ಳುಗಾರರಾಗಿದ್ದರೆ ಚೆನ್ನಾಗಿತ್ತು, ನಾಚಿಸಬಹುದಿತ್ತು. ಇವರು ನಂಬಿದ್ದರು. ಅಷ್ಟು ಹತ್ತಿರ ನಿಂತು, ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಂಡು, ನಂಬಿದ್ದರು. ಹೆಂಗಸೊಬ್ಬಳು ಕಣ್ಣೆದುರು ಕುಸಿಯುತ್ತಿದ್ದರೆ ಪ್ರಾರ್ಥನೆಗೆ ಮೊಣಕಾಲೂರಿದಳು ಎಂದುಕೊಳ್ಳುವ ಜನ.

ಉಳಿದರ್ಧ ತಲೆಯನ್ನು ಡೆನಿಷಾ ಮುಗಿಸಬೇಕಾಯಿತು. ರೊಸಾಲಿಂಡ್ ಹಾಗೇ ಹೋಗಲು ಒಪ್ಪಲಿಲ್ಲ. ದೇವರು ಮಾತಾಡಿದ್ದರೂ ನಾಳೆ ಕಾರ್ಯಕ್ರಮವಿತ್ತು. ಮುಗಿದ ಮೇಲೆ ಫೋನಿನಲ್ಲಿ ಮುಖವನ್ನು ಅತ್ತಿತ್ತ ತಿರುಗಿಸಿ ನೋಡಿಕೊಂಡಳು.

"ಕಿವಿ ಹತ್ರ ಸ್ವಲ್ಪ ಎದ್ದಿದೆ. ಪರ್ವಾಗಿಲ್ಲ, ಎಡಗಡೆ ಕಾಣಲ್ಲ."

ವರ್ಲೀನ್ ಮೂಲೆಯ ಸ್ಟೂಲಿನಲ್ಲಿ ಕೂತು, ಒದ್ದೆ ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು. ಎಳೆ ಬೇರ್ಪಡಿಸುವ ಬೆರಳುಗಳು.

ಡೆನಿಷಾ ಓಣಿಯಲ್ಲಿ ಅವರ ಹಿಂದೆ ಓಡಿದಳು. ಎರಡು ಇಟ್ಟಿಗೆ ಗೋಡೆಗಳ ನಡುವೆ ಗ್ಲೆಂಡಾಳ ಪಾದರಕ್ಷೆ ಟಕಟಕ ಎನ್ನುತ್ತಿತ್ತು. ಬೀದಿಯ ಆ ಬದಿಗೆ ಬಿಳಿ ಕಾರು ನಿಂತಿತ್ತು, ಏಳು ಜನ ಕೂರುವಂಥದ್ದು. ಡೆನಿಷಾ ಕಿಟಕಿಯ ಹತ್ತಿರ ನಿಂತಳು. ಬಾಯಿ ತೆರೆದಳು. ಕಿಟಕಿಯ ಅಂಚು ಹಿಡಿದು ಒಳಗಿನ ಖಾಲಿ ಸೀಟುಗಳನ್ನು ನೋಡಿದಳು.

"ಏನೋ ಕೇಳ್ಬೇಕಾ ಮಗಾ?" ಎಂದಳು ರೊಸಾಲಿಂಡ್. ಅವಳ ದನಿ ಕರುಣೆಯಿಂದ ಮೆತ್ತಗಾಗಿತ್ತು. "ಬೆಳಗ್ಗೆ ಪ್ರಾರ್ಥನೆ ಲೈನಿಗೆ ಬಾ. ಯಾರಿಗೆ ಏನು ಬೇಕಾದ್ರೂ ಅಲ್ಲಿ ಕೇಳಬಹುದು. ಅದು ಇರೋದೇ ಅದಕ್ಕೆ." ಕಿಟಕಿಯ ಗಾಜು ಮೇಲೇರಿತು. ಅದರೊಳಗೆ ನೇರವಾದ ಕೂದಲು ಹೊಳೆಯಿತು.

ಆ ಸಂಜೆ ಡೆನಿಷಾ ಬಾಚಣಿಗೆಗಳನ್ನೆಲ್ಲ ಮೂಟೆ ಕಟ್ಟಿ ನೆಲಮಾಳಿಗೆಯಲ್ಲಿ ಅಡಗಿಸಿದಳು. ಒಲೆಯ ತಿರುಗಣೆಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಬೆಳಗ್ಗೆ ಎದ್ದು ನೋಡಿದರೆ ತಾಯಿ ಬರಿ ಬೆರಳಿನಿಂದ ತಿರುಗಣೆಯ ಕಡ್ಡಿಯನ್ನು ತಿರುಗಿಸಲು ನೋಡುತ್ತಿದ್ದಳು. ಬೆರಳ ತುದಿ ಕಿತ್ತು ರಕ್ತ ಬಂದಿತ್ತು. ಬಾಚಣಿಗೆ ಸಿಗದಿದ್ದರೆ ಉರಿಯೇ ಸಾಕೆನ್ನುವ ಹಾಗಿತ್ತು ಅವಳ ಮುಖ. ಇನ್ನೊಂದು ದಿನ ಹೀಗೆ ಕಳೆಯುವುದಿಲ್ಲವೆಂದು ಡೆನಿಷಾಗೆ ಖಚಿತವಾಯಿತು.

ಪ್ರಾರ್ಥನೆಯ ಲೈನು ಸೂರ್ಯ ಹುಟ್ಟುವ ಹೊತ್ತಿಗೆ ಶುರುವಾಗುತ್ತಿತ್ತು. ಒಂದು ನಂಬರಿಗೆ ಎಲ್ಲರೂ ಕರೆ ಮಾಡುವುದು, ಮಾತಾಡುವವರನ್ನು ಬಿಟ್ಟು ಉಳಿದವರು ದನಿ ಮುಚ್ಚಿಕೊಂಡು ಕೇಳುವುದು. ಬಂದವರಿಗೊಂದು ಟಿಂಗ್, ಹೋದವರಿಗೊಂದು ಟಿಂಗ್. ಡೆನಿಷಾ ಲಾಕ್‌ಡೌನ್ ಆದಾಗಿನಿಂದ ದಿನಾ ಕೇಳಿದ್ದಳು, ಒಂದು ದಿನವೂ ದನಿ ತೆರೆದಿರಲಿಲ್ಲ. ಫೋನನ್ನು ಮೇಜಿನ ಮೇಲೆ, ನೆಮ್ಮದಿ ಚೀಲದ ಪಕ್ಕ ಇಟ್ಟಳು. ಇನ್ನೊಂದು ಕೈಯಲ್ಲಿ ತಾಯಿಯ ಕೈ ಹಿಡಿದಿದ್ದಳು.

ರೊಸಾಲಿಂಡ್ ಸಾಕ್ಷಿ ಹೇಳುತ್ತಿದ್ದಳು. "...ನಿನ್ನೆ ಸಿಸ್ಟರ್ ವರ್ಲೀನಳನ್ನ ಸಂತೈಸಕ್ಕೆ ಅಂತ ಅವಳ ಮನೆಗೆ ಹೋಗಿದ್ದೆ. ನಾನು ಸಂತೈಸೋದಿರಲಿ, ಕರ್ತನೇ ಅವಳ ಬಾಯಲ್ಲಿ ಮಾತಾಡಿದ. ಬೆಂಕಿಯಂಥ ಬಾಚಣಿಗೆ ಅವಳ ಕೈ ಮೇಲಿತ್ತು, ಅವಳಿಗೆ ನೋವಾಗ್ಲಿಲ್ಲ. ನಮ್ಮ ಹೆಂಗಸರು ಅಂದ್ರೆ ಅದು. ಮುರಿಯಲ್ಲ, ಬಾಗಲ್ಲ."

"ಸ್ತೋತ್ರ," ಎಂದಿತು ಒಂದು ದನಿ. "ಸ್ತೋತ್ರ, ಸ್ತೋತ್ರ," ಎಂದವು ಎಷ್ಟೋ ದನಿಗಳು. "ವರ್ಲೀನ್ ನಮ್ಮ ಕಂಬ," ಎಂದಳು ಗ್ಲೆಂಡಾ. ಯಾರದೋ ಮನೆಯಲ್ಲಿ ಬಾಣಲೆಯಲ್ಲಿ ಏನೋ ಹುರಿಯುತ್ತಿತ್ತು, ಯಾರದೋ ಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು.

"ಯಾರಿಗಾದ್ರೂ ಏನಾದ್ರೂ ಕೋರಿಕೆ ಇದ್ರೆ ಹೇಳಿ," ಎಂದಳು ರೊಸಾಲಿಂಡ್. "ನಾಚ್ಕೋಬೇಡಿ. ನಾವೆಲ್ಲ ಒಂದೇ ಮನೆಯವರು."

ಡೆನಿಷಾ ಗುಂಡಿ ಒತ್ತಿದಳು. ತನ್ನ ಉಸಿರು ತನಗೇ ಫೋನಿನಿಂದ ವಾಪಸ್ಸು ಕೇಳಿಸಿತು.

"ನಾನು ಡೆನಿಷಾ. ವರ್ಲೀನ್ ಮಗಳು." ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಅದು ಆತ್ಮ ಅಲ್ಲ. ಅಮ್ಮಂಗೆ ಹುಷಾರಿಲ್ಲ. ಬೇಕೂಂತ ಕೈ ಸುಟ್ಕೋತಿದಾಳೆ. ಮದರ್ ಆರ್ಡೆಲಾ ತಲೆ ಮಾಡಕ್ಕೆ ಬಿಡ್ಲಿಲ್ಲ ಅಂತ. ಕೈ ಪೂರ್ತಿ ಹುಣ್ಣಾಗಿದೆ. ಆಸ್ಪತ್ರೆಯೋರು ಕರ್ಕೊಂಡು ಬಾ ಅಂದಿದಾರೆ. ಬಸ್ಸಲ್ಲಿ ಬರಲ್ಲ ಅವಳು. ನಾನೊಬ್ಬಳೇ ಹಿಡ್ಕೊಳಕ್ಕಾಗಲ್ಲ. ನಿಮ್ಮಲ್ಲಿ ಯಾರಾದ್ರೂ ಕಾರ್ ತಗೊಂಡು ಬನ್ನಿ. ಈಗ್ಲೇ ಬನ್ನಿ."

ಬಾಣಲೆಯ ಸದ್ದು ನಿಂತಿತು. ನಲ್ಲಿಯ ಸದ್ದು ನಿಂತಿತು. ಎಲ್ಲರೂ ಕೇಳಿಸಿಕೊಂಡಿದ್ದರು.

ಟಿಂಗ್ ಎಂದಿತು ಫೋನು, ಯಾರೋ ಲೈನು ಬಿಟ್ಟು ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಟಿಂಗ್.

"ಫಸ್ಟ್ ಲೇಡಿ," ಎಂದಳು ಡೆನಿಷಾ, "ನಿಮ್ಮ ಕಾರ್ ತಗೊಂಡು ಬರ್ತೀರಾ?"